ನಮ್ಮ ಸೊಸೈಟಿಯ 11 ಅಶೋಕ ಮರಗಳು ನಿಜವಾಗಿ ಅಶೋಕವೇ?

ಬಾಲ್ಕನಿ ತೋಟ, ಮುಲುಂಡ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ವಿಷಯ. ನಮ್ಮ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಕಟ್ಟಡಕ್ಕೆ ನಲವತ್ತು ವರ್ಷ ದಾಟಿದೆ. ಮಳೆಗಾಲದಲ್ಲಿ ಹಾಲ್‌ನಲ್ಲಿ ಎರಡು ಬಕೆಟ್ ಇಟ್ಟು ಮಲಗುತ್ತೇವೆ. ಹಾಗಾಗಿ ಕಟ್ಟಡ ಬೀಳಿಸುವುದಕ್ಕೆ ನನ್ನ ತಕರಾರಿಲ್ಲ.

ನಿನ್ನೆ ನೋಟಿಸ್ ಬೋರ್ಡ್ ಮೇಲೆ ಮರಗಳ ಪಟ್ಟಿ ಹಾಕಿದ್ದಾರೆ. ಅಶೋಕ 11, ತೆಂಗು 4, ಮಾವು 1, ಇತರೆ 3. ಹನ್ನೊಂದೂ ಅಶೋಕ ಕಡಿದು, ಬದಲಿಗೆ 22 ಅಶೋಕ ನೆಡುತ್ತಾರಂತೆ. ಅಶೋಕ ಅಳಿವಿನ ಅಂಚಿಗೆ ಹೋಗುತ್ತಿರುವ ಮರ, ರೆಡ್ ಲಿಸ್ಟ್‌ನಲ್ಲಿದೆ ಅಂತ ಓದಿದ್ದೇನೆ. ಅಂಥ ಮರವನ್ನು ಹೀಗೆ ಡಜನ್ ಲೆಕ್ಕದಲ್ಲಿ ಕಡಿಯಬಹುದಾ? ಆಕ್ಷೇಪಣೆ ಬರೆಯೋಣ ಅಂತಿದ್ದೇನೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ಕಾರ್ಕಳದ ಹುಡುಗ, ಥಾಣೆ:

ಅಕ್ಕ, ಬರೆಯುವ ಮುಂಚೆ ಒಂದು ಪ್ರಶ್ನೆ. ಮರ ಕಂಬದ ಹಾಗೆ ನೆಟ್ಟಗೆ ಹೋಗಿದೆಯಾ? ಕೊಂಬೆಗಳು ಕೆಳಕ್ಕೆ ಇಳಿಬಿದ್ದಿವೆಯಾ? ಎಲೆ ಉದ್ದ, ಅಂಚು ಅಲೆಅಲೆಯಾಗಿ ಇದೆಯಾ?

ಬಾಲ್ಕನಿ ತೋಟ:

ಹೌದು. ಗೇಟಿನಿಂದ ಪಾರ್ಕಿಂಗ್ ತನಕ ಸಾಲಾಗಿ ನಿಂತಿವೆ, ಸ್ಕೂಲ್ ಅಸೆಂಬ್ಲಿಯ ಹಾಗೆ. ಎಲೆ ನೀವು ಹೇಳಿದ ಥರವೇ. ನಮ್ಮ ಪಕ್ಕದ ಮನೆಯ ಗುಜರಾತಿ ಬೆನ್ ದೀಪಾವಳಿಗೆ ಅದೇ ಎಲೆ ಕಿತ್ತು ತೋರಣ ಕಟ್ಟುತ್ತಾರೆ. ಆಸೋಪಾಲವ ಅನ್ನುತ್ತಾರೆ.

ಕಾರ್ಕಳದ ಹುಡುಗ:

ಹಾಗಾದರೆ ಅದು ರೆಡ್ ಲಿಸ್ಟ್‌ನಲ್ಲಿ ಅಪಾಯದಲ್ಲಿದೆ ಅಂತ ಬರೆದಿರುವ ಅಶೋಕ ಅಲ್ಲ. ಬೇಜಾರು ಮಾಡ್ಕೋಬೇಡಿ. ಮುಂಬೈಯಲ್ಲಿ ನೂರಕ್ಕೆ ತೊಂಬತ್ತು ಜನ ಅದನ್ನೇ ಅಶೋಕ ಅನ್ನುತ್ತಾರೆ. (ತೊಂಬತ್ತು ನನ್ನ ಅಂದಾಜು, ಯಾರೂ ಎಣಿಸಿಲ್ಲ.)

ಎಲೆ ನೋಡುವವ, ಪುಣೆ:

ಕಾರ್ಕಳದವರು ಸರಿಯಾಗಿ ಹಿಡಿದಿದ್ದಾರೆ. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು, ಪ್ರತಿ ವರ್ಷ ಈ ಗೊಂದಲ ಬಿಡಿಸಿಯೇ ತರಗತಿ ಶುರು ಮಾಡುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಗೇಟಿನ ಪಕ್ಕದ್ದು ಮೊನೂನ್ ಲಾಂಗಿಫೋಲಿಯಂ. ಹಳೆಯ ಪುಸ್ತಕಗಳಲ್ಲಿ ಪಾಲಿಯಾಲ್ಥಿಯಾ ಲಾಂಗಿಫೋಲಿಯಾ ಅಂತ ಇರುತ್ತದೆ, 2012ರಲ್ಲಿ ಕುಲ ಬದಲಾಯಿತು. ಇದು ಸೀತಾಫಲ, ರಾಮಫಲ, ಮನೋರಂಜಿತದ ಕುಟುಂಬ. ಎಲೆ ಬಿಡಿ ಎಲೆ. ಹೂವು ಇದೆ, ಆದರೆ ಎಷ್ಟು ಜನ ನೋಡಿದ್ದೀರಿ? ಮಾರ್ಚ್ ಏಪ್ರಿಲ್‌ನಲ್ಲಿ ಹಸಿರು ಹಳದಿ ಬಣ್ಣದ, ಆರು ಎಸಳಿನ ನಕ್ಷತ್ರದಂಥ ಹೂವು ಎಲೆಗಳ ಒಳಗೇ ಅರಳಿ ಅಲ್ಲೇ ಉದುರಿ ಹೋಗುತ್ತದೆ. ಎಲೆಯ ಬಣ್ಣಕ್ಕೂ ಹೂವಿನ ಬಣ್ಣಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ.

ನಿಜವಾದ ಅಶೋಕ ಸರಾಕಾ ಅಸೋಕ. ಇದು ಅವರೆ, ತೊಗರಿ ಸೇರಿದ ದೊಡ್ಡ ಕುಟುಂಬದ್ದು. ಅದರೊಳಗೆ ಹುಣಸೆಯ ಹತ್ತಿರದ ದಾಯಾದಿ. ಒಂದೇ ಕಡ್ಡಿಯ ಎರಡೂ ಕಡೆ ನಾಲ್ಕರಿಂದ ಆರು ಜೋಡಿ ಎಲೆ. ಚಿಗುರು ಬಂದಾಗ ನೋಡಬೇಕು. ತಾಮ್ರದ ಬಣ್ಣದ, ಮೆತ್ತನೆಯ ಗೊಂಚಲು ಬಿಸಿಲಿಗಿಟ್ಟ ಸೊಪ್ಪಿನ ಹಾಗೆ ಜೋತು ಬೀಳುತ್ತದೆ. ಮೊದಲ ಸಲ ನೋಡಿದವರು ಮರಕ್ಕೆ ನೀರಿಲ್ಲ ಅಂದುಕೊಂಡು ಪೈಪ್ ತರುತ್ತಾರೆ. ಕೆಲವು ದಿನ ಬಿಟ್ಟರೆ ಅದೇ ಎಲೆ ಹಸಿರಾಗಿ ಬಿರುಸಾಗುತ್ತದೆ.

ಹೂವು ಇನ್ನೂ ಮಜಾ. ಗೊಂಚಲು ತುದಿಯಲ್ಲಷ್ಟೇ ಅಲ್ಲ, ಹಳೆಯ ಕೊಂಬೆ ಮತ್ತು ಕಾಂಡದ ಮೇಲೂ ನೇರವಾಗಿ ಬರುತ್ತದೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಹಳತಾದಂತೆ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಕಾಣುತ್ತವೆ. ಇನ್ನೊಂದು ವಿಷಯ, ಅದರಲ್ಲಿ ಎಸಳೇ ಇಲ್ಲ. ನಾವು ಎಸಳು ಅಂದುಕೊಳ್ಳುವುದು ಬಣ್ಣ ಬಂದ ಪುಷ್ಪಪಾತ್ರೆಯ, ಅಂದರೆ ಹೂವಿನ ಹೊರಸುತ್ತಿನ, ನಾಲ್ಕು ಹಾಳೆ. ಹೊರಗೆ ಚಾಚಿದ ಕೂದಲಿನಂಥದ್ದು ಕೇಸರಗಳು. ರಾತ್ರಿ ಹತ್ತಿರ ಹೋದರೆ ವಾಸನೆ ಚೆನ್ನಾಗಿ ಗೊತ್ತಾಗುತ್ತದೆ.

ಹೆಸರಿನ ತಮಾಷೆ ನೋಡಿ. ಮರಾಠಿಯಲ್ಲೂ ಕನ್ನಡದಲ್ಲೂ ನಿಜವಾದದ್ದಕ್ಕೆ ಸೀತಾ ಅಶೋಕ ಅನ್ನುತ್ತಾರೆ. ಆದರೆ ಸೀತಾಫಲದ ನೆಂಟಸ್ತಿಕೆ ಇರುವುದು ಸುಳ್ಳು ಅಶೋಕಕ್ಕೆ!

ಹಳೇ ಸೆಕ್ರೆಟರಿ, ಡೊಂಬಿವಲಿ:

ಅಂದರೆ ಹನ್ನೊಂದೂ ಡೂಪ್ಲಿಕೇಟ್. ಹಾಗಾದರೆ ಯಾಕೆ ಗಲಾಟೆ? ಹನ್ನೆರಡು ವರ್ಷ ಸೊಸೈಟಿ ನಡೆಸಿದವನು ನಾನು. ಈ ಮರದ ಕೆಳಗೆ ಕಾರು ನಿಲ್ಲಿಸಿದವರ ದೂರು ಕೇಳಿ ಕೇಳಿ ಸಾಕಾಗಿದೆ. ರಾತ್ರಿ ಬಾವಲಿ ಬಂದು ಹಣ್ಣು ತಿನ್ನುತ್ತವೆ, ಬೆಳಿಗ್ಗೆ ಬಾನೆಟ್ ತುಂಬ ಬೀಜ. ಒಣಗಿದರೆ ಉಜ್ಜಿದರೂ ಹೋಗಲ್ಲ.

ಕಾರ್ಕಳದ ಹುಡುಗ:

ಮಾಮ, ಡೂಪ್ಲಿಕೇಟ್ ಅನ್ನಬೇಡಿ. ಹೆಸರು ತಪ್ಪಾಗಿ ಇಟ್ಟವರು ನಾವು, ಮರ ಏನು ಮಾಡಿದೆ? ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದೇ ಮರ ಅದು, ಪರದೇಶದಿಂದ ತಂದದ್ದೂ ಅಲ್ಲ. ಆ ಬಾವಲಿ, ಕೋಗಿಲೆಗೆ ಈ ಊರಲ್ಲಿ ಉಳಿದಿರುವ ಹಣ್ಣಿನ ಅಂಗಡಿ ಎಷ್ಟು ಹೇಳಿ?

ಕಳೆದ ಜುಲೈನಲ್ಲಿ ನಮ್ಮ ಬಿಲ್ಡಿಂಗಿನ ಎಳೆಯ ಗಿಡದ ಚಿಗುರಿನ ಮೇಲೆ ಒಂದು ದಪ್ಪ ಹಸಿರು ಹುಳ ಸಿಕ್ಕಿತು. ತಲೆಯ ಹತ್ತಿರ ಉಬ್ಬು, ಅಲ್ಲಿ ಸಣ್ಣ ಮುಳ್ಳು. ಎಲೆ ಸಮೇತ ಡಬ್ಬದಲ್ಲಿ ಇಟ್ಟೆ. ಹಸಿರು ಕೋಶ ಆಯಿತು, ಎಲೆಯೇ ಮಡಚಿದ ಹಾಗೆ. ಎರಡು ವಾರಕ್ಕೆ ಕಪ್ಪು ರೆಕ್ಕೆ, ಮೇಲೆ ಎಳೆ ಹಸಿರು ಚುಕ್ಕೆಗಳಿರುವ ಚಿಟ್ಟೆ ಹೊರಗೆ ಬಂತು. ಟೇಲ್ಡ್ ಜೇ. ರೆಕ್ಕೆ ಒಣಗುವ ತನಕ ಅಡುಗೆಮನೆಯ ಗ್ರಿಲ್ ಮೇಲೆ ಕೂತಿತ್ತು. ನನ್ನ ಮಗಳು ಆ ದಿನ ಶಾಲೆಗೆ ಹೋಗಲಿಲ್ಲ.

ಹಳೇ ಸೆಕ್ರೆಟರಿ:

ಸರಿ ಮಾರಾಯ, ಚಿಟ್ಟೆಗೆ ನನ್ನ ವಿರೋಧ ಇಲ್ಲ. ಕಾರು ಒರೆಸುವವರು ಯಾರು ಅಂತ ಅಷ್ಟೇ ಕೇಳಿದ್ದು.

ಅಸುಗೆ, ಮಾಟುಂಗಾ:

ನಾನು ಇಟ್ಟುಕೊಂಡ ಹೆಸರಿಗೆ ಇವತ್ತು ಕೆಲಸ ಬಂತು. ಅಸುಗೆ ಅಂದರೆ ಅಶೋಕವೇ, ಅದರ ತದ್ಭವ. ಹಳಗನ್ನಡ ಕಾವ್ಯದಲ್ಲಿ ವಸಂತ ಬಂದಾಗ ಮಾವು ಚಿಗುರುತ್ತದೆ, ಅಸುಗೆ ಕೆಂಪಾಗುತ್ತದೆ. ಹೆಣ್ಣೊಬ್ಬಳ ಕಾಲು ಸೋಕಿದರೆ ಅಸುಗೆ ಅರಳುತ್ತದೆ ಅನ್ನುವುದು ಕವಿಸಮಯ. ಆ ಕೆಂಪು ಬಣ್ಣ ಹಸಿರು ಹೂ ಬಿಡುವ ಕಂಬದ ಮರಕ್ಕೆ ಹೊಂದುತ್ತದೆಯೇ? ಕವಿಗಳು ಸುಮ್ನೆ ಬರೆದಿಲ್ಲ, ಮರ ನೋಡಿಯೇ ಬರೆದಿದ್ದಾರೆ. ಈಗ ಮಕ್ಕಳ ಚಿತ್ರಪುಸ್ತಕದ ಅಶೋಕವನದಲ್ಲಿ ಸೀತೆಯನ್ನು ನಿಮ್ಮ ಸೊಸೈಟಿಯ ಮರದ ಕೆಳಗೆ ಕೂರಿಸುತ್ತಾರೆ. ಅದರ ಕೆಳಗೆ ನೆರಳೂ ಇರುವುದಿಲ್ಲ, ಪಾಪ.

ಎಲೆ ನೋಡುವವ:

ನೆರಳಿಲ್ಲ ಅನ್ನುವುದಕ್ಕೆ ಒಂದು ತಿದ್ದುಪಡಿ ಸರ್. ಆ ಇಳಿಬಿದ್ದ ಕೊಂಬೆಯ ರೂಪ ತೋಟಕ್ಕೆಂದು ಆರಿಸಿ ಬೆಳೆಸಿದ್ದು. ಅದೇ ಜಾತಿಯ ಸಹಜ ಮರ ಕೊಂಬೆ ಹರಡಿ, ದೊಡ್ಡದಾಗಿ, ಒಳ್ಳೆಯ ನೆರಳು ಕೊಡುತ್ತದೆ. ಹಳೆಯ ರಸ್ತೆಗಳಲ್ಲಿ ಒಂದೊಂದು ಸಿಗುತ್ತದೆ, ಜನ ಅದನ್ನು ಗುರುತೇ ಹಿಡಿಯುವುದಿಲ್ಲ.

ಹೆಸರಿನ ಗೊಂದಲ ನಮ್ಮಲ್ಲಿ ಮಾತ್ರ ಅಲ್ಲ. ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ನಿಜವಾದ ಅಶೋಕಕ್ಕೆ ಜೋನೇಸಿಯಾ ಅಸೋಕ ಅಂತ ಹೆಸರಿಟ್ಟಿದ್ದ, ಸಂಸ್ಕೃತ ಓದಿದ ವಿಲಿಯಂ ಜೋನ್ಸ್ ನೆನಪಿಗೆ. ಆಮೇಲೆ ಇದನ್ನೂ ಜಾವಾದ ಕಡೆಯ ಸರಾಕಾ ಇಂಡಿಕಾವನ್ನೂ ಒಂದೇ ಅಂದುಕೊಂಡು ಬಹಳ ಕಾಲ ಬರೆದರು. ಈಗಲೂ ಉದ್ಯಾನಗಳ ಬೋರ್ಡ್‌ಗಳಲ್ಲಿ, ಔಷಧಿ ಬಾಟಲಿಗಳ ಮೇಲೆ ಇಂಡಿಕಾ ಅಂತಲೇ ಕಾಣುತ್ತದೆ.

ಸತ್ತರಿ ಹೊಳೆ, ಗೋವಾ:

ತಡವಾಗಿ ಸೇರುತ್ತಿದ್ದೇನೆ. ನಮ್ಮೂರು ಶಿರಸಿ ಕಡೆ, ಕೆಲಸ ವಾಲ್ಪೈ ಹತ್ತಿರ. ನೀವೆಲ್ಲ ತೋಟದ ಅಶೋಕದ ಮಾತಾಡುತ್ತಿದ್ದೀರಿ, ಕಾಡಿನದ್ದು ಹೇಳುತ್ತೇನೆ.

ಕಾಡಿನಲ್ಲಿ ಈ ಮರ ಹುಡುಕಬೇಕಾದರೆ ನೀರು ಹುಡುಕಬೇಕು. ಹಳ್ಳದ ದಂಡೆ, ದೊಡ್ಡ ಮರಗಳ ನೆರಳು, ತಂಪು ಮಣ್ಣು. ಎತ್ತರಕ್ಕೆ ಹೋಗುವುದಿಲ್ಲ, ದೊಡ್ಡವರ ಕೈ ಕೆಳಗೆ ನಿಂತ ಚಿಕ್ಕವನ ಹಾಗೆ ಇರುತ್ತದೆ. ಬೆಳವಣಿಗೆ ಬಹಳ ನಿಧಾನ. ಫೆಬ್ರವರಿ ಮಾರ್ಚ್‌ನಲ್ಲಿ ಹಳ್ಳದ ಕತ್ತಲಲ್ಲಿ ಇದ್ದಕ್ಕಿದ್ದ ಹಾಗೆ ಕೆಂಡ ಕಂಡ ಹಾಗೆ ಕಾಣುತ್ತದೆ. ಕೆಳಗೆ ನೀರಿನ ಮೇಲೆ ಹೂವು ತೇಲುತ್ತಾ ಇರುತ್ತವೆ.

ಹೋದ ವರ್ಷ ನಾನು ನೋಡಿಟ್ಟುಕೊಂಡಿದ್ದ ಮರಕ್ಕೆ ಹೋದಾಗ ಸೊಂಟದ ಎತ್ತರದಿಂದ ಕೆಳಗೆ ಸುತ್ತಲೂ ತೊಗಟೆ ಇರಲಿಲ್ಲ. ಕತ್ತಿಯಲ್ಲಿ ಗೆರೆ ಹಾಕಿ, ಬಾಳೆ ಪಟ್ಟೆ ಬಿಡಿಸಿದ ಹಾಗೆ ಎಳೆದಿದ್ದರು. ಮೇಲೆ ಎಲೆ ಇನ್ನೂ ಹಸಿರಾಗಿತ್ತು. ಅದೇ ಕರುಳು ಹಿಂಡುವ ವಿಷಯ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಸುಲಿದರೆ ಬೇರು ಉಪವಾಸ ಬೀಳುತ್ತದೆ, ಮರಕ್ಕೆ ತಾನು ಸತ್ತದ್ದು ಗೊತ್ತಾಗಲು ತಿಂಗಳುಗಳು ಬೇಕು. ಈ ವರ್ಷ ಹೋದೆ. ಒಣಗಿದ ಕಡ್ಡಿ.

ಒಂದು ಬದಿಯಿಂದ ಸ್ವಲ್ಪ ತೆಗೆದು ಬಿಟ್ಟಿದ್ದರೆ ಗಾಯ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಅಜ್ಜ ಹಾಗೇ ತೆಗೆಯುತ್ತಿದ್ದರು. ಕಾಡು ತನ್ನದು ಅಂದುಕೊಂಡವನು ಬೇರೆ, ಕಿಲೋ ಲೆಕ್ಕದಲ್ಲಿ ಮಾರುವವನು ಬೇರೆ.

ಬಾಲ್ಕನಿ ತೋಟ:

ಓದಿ ಹೊಟ್ಟೆ ತೊಳಸಿದ ಹಾಗಾಯಿತು. ತೊಗಟೆ ಯಾವುದಕ್ಕೆ? ಅಶೋಕಾರಿಷ್ಟಕ್ಕಾ? ನಮ್ಮ ಅತ್ತೆ ವರ್ಷಗಟ್ಟಲೆ ಕುಡಿದಿದ್ದಾರೆ.

ಸತ್ತರಿ ಹೊಳೆ:

ಹೌದು ಅಕ್ಕ. ಅಶೋಕಾರಿಷ್ಟದ ಮುಖ್ಯ ವಸ್ತು ಈ ತೊಗಟೆ. ಆಯುರ್ವೇದದಲ್ಲಿ ಹೆಂಗಸರ ತೊಂದರೆಗಳಿಗೆ ಕೊಡುವಂಥದ್ದು. ದೇಶದ ತುಂಬ ಬೇಡಿಕೆ ಇದೆ, ತೋಟದಲ್ಲಿ ಬೆಳೆದದ್ದು ಸಾಲುವುದಿಲ್ಲ.

ಹಳೇ ಸೆಕ್ರೆಟರಿ:

ಒಂದು ಉಪಾಯ. ಸೊಸೈಟಿಗಳಲ್ಲಿ ಸಾವಿರಾರು ಸುಳ್ಳು ಅಶೋಕ ಇದೆ. ಅದರ ತೊಗಟೆ ಕೊಟ್ಟರೆ ಕಾಡಿನದ್ದು ಉಳಿಯುತ್ತದಲ್ವಾ? ಹೆಸರೂ ಅದೇ!

ಎಲೆ ನೋಡುವವ:

ನಿಮ್ಮ ಉಪಾಯವನ್ನು ವ್ಯಾಪಾರಿಗಳು ಎಂದೋ ಮಾಡಿಬಿಟ್ಟಿದ್ದಾರೆ ಸ್ವಾಮಿ. ಅಶೋಕದ ತೊಗಟೆಗೆ ಅತಿ ಹೆಚ್ಚು ಬೆರೆಸುವುದು ಇದನ್ನೇ. ಮಾರುಕಟ್ಟೆಯ ಮಾದರಿಗಳನ್ನು ಡಿಎನ್‌ಎ ಪರೀಕ್ಷೆ ಮಾಡಿದ ಅಧ್ಯಯನಗಳಲ್ಲೂ ಕಲಬೆರಕೆ ಸಿಕ್ಕಿದೆ. ಎರಡೂ ಬೇರೆ ಬೇರೆ ಕುಟುಂಬ, ಒಳಗಿನ ರಸಾಯನವೂ ಬೇರೆ. ಕುಡಿದವರಿಗೆ ಏನು ಸಿಕ್ಕಿತು ಅಂತ ದೇವರಿಗೇ ಗೊತ್ತು. ಇತ್ತ ಕಾಡಿನ ಮರವೂ ಉಳಿಯಲಿಲ್ಲ. ನಿಜವಾದ ತೊಗಟೆ ಸಿಗುವುದು ಕಷ್ಟ ಆದಷ್ಟೂ ಅದಕ್ಕೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಆದರೆ ಇನ್ನೊಬ್ಬ ಕತ್ತಿ ಹಿಡಿದು ಹಳ್ಳಕ್ಕೆ ಇಳಿಯುತ್ತಾನೆ.

ಈಗ ಮೊದಲ ಪ್ರಶ್ನೆಗೆ, ರೆಡ್ ಲಿಸ್ಟ್‌ಗೆ ಬರುತ್ತೇನೆ. ಅದು ಐಯುಸಿಎನ್ ಅನ್ನುವ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿ. ಅದರಲ್ಲಿ ಸರಾಕಾ ಅಸೋಕ ‘ವಲ್ನರಬಲ್’ ವರ್ಗದಲ್ಲಿದೆ. ಅಪಾಯದಲ್ಲಿರುವ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು. ಅದರ ಮುಂದೆ ಎಂಡೇಂಜರ್ಡ್, ಆಮೇಲೆ ಕ್ರಿಟಿಕಲಿ ಎಂಡೇಂಜರ್ಡ್. ಆದರೆ ಈ ಮೌಲ್ಯಮಾಪನ ಆದದ್ದು 1998ರಲ್ಲಿ. ಅಂದು ಹುಟ್ಟಿದ ಮಗು ಇಂದು ಮದುವೆ ವಯಸ್ಸಿಗೆ ಬಂದಿದೆ. ಕಾಡು ಅಂದಿನ ಹಾಗೇ ಇದೆಯಾ? ನನಗೆ ಆ ಪಟ್ಟಿಯ ಮೇಲೆ ಸಿಟ್ಟಿಲ್ಲ, ಅದನ್ನು ಇವತ್ತಿನ ಸುದ್ದಿಯ ಹಾಗೆ ಓದುವವರ ಮೇಲೆ ಸ್ವಲ್ಪ ಇದೆ.

ಇನ್ನೊಂದು ಮಾತು. ರೆಡ್ ಲಿಸ್ಟ್ ಕಾನೂನಲ್ಲ. ಅದರಲ್ಲಿ ಹೆಸರಿದೆ ಅಂತ ಪೊಲೀಸ್ ಬರುವುದಿಲ್ಲ. ಆ ಲೆಕ್ಕ ಕಾಡಿನ ಮರಗಳದ್ದು. ತೋಟದಲ್ಲಿ ಸಾವಿರ ನೆಟ್ಟರೂ ಹಳ್ಳದ ದಂಡೆಯ ಒಂದು ಮರ ಸತ್ತದ್ದು ಸರಿಹೋಗುವುದಿಲ್ಲ. ಒಡಿಶಾದ ರಾಜ್ಯ ಹೂವು ಅಶೋಕ. ಗೌರವ ಸಿಕ್ಕಿದೆ, ಆದರೆ ಹಳ್ಳದ ದಂಡೆ ಕಾಯುವವರು ಬೇರೆಯೇ ಬೇಕು.

ಸುಳ್ಳು ಅಶೋಕಕ್ಕೆ ಇಂಥ ಚಿಂತೆ ಇಲ್ಲ. ನರ್ಸರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಗೋಡೆ ಪಕ್ಕದ ಎರಡು ಅಡಿ ಜಾಗದಲ್ಲೂ ಬೆಳೆಯುತ್ತದೆ, ಬಿಲ್ಡರ್‌ಗೆ ಅದಕ್ಕೇ ಪ್ರೀತಿ. 22 ಅಶೋಕ ನೆಡುತ್ತೇವೆ ಅಂತ ಬರೆದಾಗ ಓದುವವನ ಮನಸ್ಸಿನಲ್ಲಿ ಅಪರೂಪದ ಮರ, ಬರೆದವನ ಮನಸ್ಸಿನಲ್ಲಿ ಅಗ್ಗದ ಮರ. ಒಂದೇ ಹೆಸರಿನಿಂದ ಇಬ್ಬರಿಗೂ ಸಮಾಧಾನ. ನನ್ನ ಪ್ರಕಾರ ನಿಜವಾದ ಅಶೋಕಕ್ಕೆ ಕತ್ತಿಯಷ್ಟೇ ಕೆಡುಕು ಮಾಡಿದ್ದು ಈ ಹೆಸರು. ಇದೆ ಅಂದುಕೊಂಡ ಮರವನ್ನು ಯಾರು ಹುಡುಕುತ್ತಾರೆ?

ಕಾರ್ಕಳದ ಹುಡುಗ:

ಅಕ್ಕ, ಪಟ್ಟಿಯಲ್ಲಿ ‘ಇತರೆ 3’ ಅಂತ ಇದೆಯಲ್ವಾ? ಆ ಮೂರು ಯಾವುವು ನೋಡಿದಿರಾ?

ಬಾಲ್ಕನಿ ತೋಟ:

ಬೆಳಿಗ್ಗೆ ಇಳಿದು ನೋಡಿದೆ. ಒಂದು ನುಗ್ಗೆ. ಒಂದು ತಾನಾಗಿ ಹುಟ್ಟಿದ ಅತ್ತಿ. ಮೂರನೆಯದು ಪಂಪ್ ರೂಮ್ ಹಿಂದೆ, ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದೆ. ಇಪ್ಪತ್ತಾರು ವರ್ಷದಿಂದ ಇಲ್ಲಿದ್ದೇನೆ, ಆ ಕಡೆ ಹೋದದ್ದು ಎರಡೇ ಸಲ ಇರಬೇಕು. ಟ್ಯಾಂಕಿನ ಓವರ್‌ಫ್ಲೋ ಪೈಪ್ ಅಲ್ಲೇ ಬಿಡುತ್ತದೆ, ಯಾವಾಗಲೂ ಕೆಸರು.

ಎಲೆ ಕಡ್ಡಿಯ ಎರಡೂ ಕಡೆ ಜೋಡಿ ಜೋಡಿ. ಎಣಿಸಿದೆ, ಐದು ಜೋಡಿ. ಕೊಂಬೆ ತುದಿಯಲ್ಲಿ ಕಂದು ಗುಲಾಬಿ ಬಣ್ಣದ್ದೇನೋ ಜೋತು ಬಿದ್ದಿತ್ತು, ಒದ್ದೆ ಕರವಸ್ತ್ರದ ಹಾಗೆ. ಮತ್ತೆ ಕಾಂಡದ ಮೇಲೆ, ನನ್ನ ಮುಖದ ಎತ್ತರಕ್ಕೆ, ಒಂದು ಹಿಡಿ ಕಿತ್ತಳೆ ಹೂವು.

ಕೈ ನಡುಗುತ್ತಿದೆ. ಇದೇ ಅಲ್ವಾ?

ಎಲೆ ನೋಡುವವ:

ಇದೇ ಮೇಡಂ. ಬೇರೆ ಮಾತಿಲ್ಲ.

ಅಸುಗೆ:

ಇಪ್ಪತ್ತಾರು ವರ್ಷ! ಮನೆಯೊಳಗೇ ಅಶೋಕವನ ಇಟ್ಟುಕೊಂಡು ಸಮುದ್ರ ಹಾರಲು ಹೊರಟಿದ್ದಿರಿ.

ಹಳೇ ಸೆಕ್ರೆಟರಿ:

ನನಗೇ ರೋಮಾಂಚನ ಆಯಿತು. ಈಗ ಕೆಲಸದ ಮಾತು. ಮಹಾರಾಷ್ಟ್ರದಲ್ಲಿ ನಗರದ ಮರ ಕಡಿಯಲು 1975ರ ಕಾಯ್ದೆ ಇದೆ, ಅದು ರೆಡ್ ಲಿಸ್ಟ್ ಕೇಳುವುದಿಲ್ಲ. ನಿಜವೋ ಸುಳ್ಳೋ, ಯಾವ ಅಶೋಕ ಕಡಿಯಲೂ ಅನುಮತಿ ಬೇಕು. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ್ದಕ್ಕೆ ಹೆರಿಟೇಜ್ ಮರ ಅಂತ ಹೆಚ್ಚಿನ ರಕ್ಷಣೆ ಬಂತು. ನಿಮ್ಮದಕ್ಕೆ ಕಟ್ಟಡದಷ್ಟೇ ವಯಸ್ಸಾದರೆ ಇನ್ನೂ ಸ್ವಲ್ಪ ಚಿಕ್ಕದು, ಆ ಆಟ ಆಡಬೇಡಿ.

ಮೊದಲು ಪಟ್ಟಿ ತಿದ್ದಿಸಿ. ‘ಇತರೆ’ ಅಂತ ಬರೆದ ಮರಕ್ಕೆ ಯಾವ ಮೀಟಿಂಗಿನಲ್ಲೂ ವಕೀಲ ಸಿಗುವುದಿಲ್ಲ. ಫೋಟೋ, ಜಾಗದ ನಕ್ಷೆ, ಸರಿಯಾದ ಹೆಸರು ಹಾಕಿ ಕಮಿಟಿಗೂ ವಾರ್ಡ್ ಆಫೀಸಿಗೂ ಕೊಟ್ಟು, ಪ್ರತಿಯ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. ಆಮೇಲೆ ಆರ್ಕಿಟೆಕ್ಟ್ ಹತ್ತಿರ ಕೂತು ಆ ಮೂಲೆಯಲ್ಲಿ ಏನು ಬರುತ್ತದೆ ಕೇಳಿ. ಮೂಲೆ ಮರ ಉಳಿಸುವುದು ನಡುವಿನ ಮರಕ್ಕಿಂತ ಸುಲಭ. ಹನ್ನೊಂದು ಕಂಬದ ಮರಗಳಲ್ಲೂ ಗೇಟಿನ ನಾಲ್ಕು ಉಳಿಯಬಹುದು. ಬಾವಲಿಗಳಿಗಾಗಿ ಹೇಳುತ್ತಿದ್ದೇನೆ ಅಂತ ಆ ಹುಡುಗನಿಗೆ ತಿಳಿಸಿ.

ಕಾರ್ಕಳದ ಹುಡುಗ:

ತಿಳಿಯಿತು ಮಾಮ. ಕಾರು ಒರೆಸಲು ನಾನೇ ಬರುತ್ತೇನೆ.

ಸತ್ತರಿ ಹೊಳೆ:

‘ಬೇರೆ ಕಡೆ ಸಾಗಿಸಿ ನೆಡುತ್ತೇವೆ’ ಅಂದರೆ ಸುಲಭಕ್ಕೆ ಒಪ್ಪಬೇಡಿ ಅಕ್ಕ. ಅಷ್ಟು ವರ್ಷದ ಮರದ ಬೇರು ಕತ್ತರಿಸಿ ಲಾರಿಯಲ್ಲಿ ಒಯ್ದರೆ ಬದುಕುವ ಭರವಸೆ ಕಡಿಮೆ. ಅದರ ಮೇಲೆ ಬಿಸಿಲಿಗೆ ಕಾಂಕ್ರೀಟ್ ನಡುವೆ ನೆಟ್ಟರೆ ಮುಗಿಯಿತು.

ಕಾಯಿ ಬರುತ್ತದೆ, ಅದನ್ನು ಕಾಯಿರಿ. ಚಪ್ಪಟೆ ಕಾಯಿ, ಚರ್ಮದ ಹಾಗೆ ದಪ್ಪ. ಮಳೆಗಾಲದ ಹೊತ್ತಿಗೆ ಕಪ್ಪಾಗಿ ಒಡೆಯುತ್ತದೆ. ಬೀಜ ಡಬ್ಬದಲ್ಲಿ ಹಾಕಿ ಮುಂದಿನ ವರ್ಷಕ್ಕೆ ಇಡೋಣ ಅಂದುಕೊಳ್ಳಬೇಡಿ, ಒಣಗಿದರೆ ಜೀವ ಹೋಗುತ್ತದೆ. ಬಿದ್ದ ವಾರದಲ್ಲೇ ಮಣ್ಣಿಗೆ ಹಾಕಿ. ಮೊದಲ ಎರಡು ವರ್ಷ ನೆರಳಲ್ಲಿ ಇಡಿ. ಅವಸರ ಮಾಡಬೇಡಿ, ಅದು ಮಾಡುವುದಿಲ್ಲ.

ಬಾಲ್ಕನಿ ತೋಟ:

ನಾಲ್ಕು ತಿಂಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಮನೆ ಖಾಲಿ ಮಾಡುವ ಓಡಾಟ.

ಬಿಲ್ಡರ್ ನಕ್ಷೆಯಲ್ಲಿ ಆ ಮೂಲೆಗೆ ಅಂಡರ್‌ಗ್ರೌಂಡ್ ಟ್ಯಾಂಕ್ ಇತ್ತು. ಮೊದಲ ಮೀಟಿಂಗಿನಲ್ಲಿ ನಕ್ಕರು. ಎರಡನೆಯದರಲ್ಲಿ ಅಶೋಕಕ್ಕೆ ಬದಲಿ 22 ಅಶೋಕ ಕೊಡುತ್ತಿದ್ದೇವಲ್ಲ ಅಂದರು. ನಾನು ಎರಡೂ ಎಲೆ ತಂದಿದ್ದೆ, ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟೆ. ಗುಜರಾತಿ ಬೆನ್ ಮೊದಲು ಎತ್ತಿಕೊಂಡು ನೋಡಿದರು. “ಇದು ನಮ್ಮ ಆಸೋಪಾಲವ ಅಲ್ಲವೇ ಅಲ್ಲ” ಅಂದರು. ಆಮೇಲೆ ನಾನು ಜಾಸ್ತಿ ಮಾತಾಡಬೇಕಾಗಲಿಲ್ಲ. ಟ್ಯಾಂಕನ್ನು ಪಾರ್ಕಿಂಗ್ ಕಡೆಗೆ ಸರಿಸುವ ಹೊಸ ನಕ್ಷೆ ಬಂದಿದೆ, ಇನ್ನೂ ಪಾಸ್ ಆಗಿಲ್ಲ. ಗೇಟಿನ ಮೂರು ಮರ ಉಳಿಯುತ್ತವೆ, ಎಂಟು ಹೋಗುತ್ತವೆ. ಪಟ್ಟಿ ಹೊಸದಾಗಿ ಟೈಪ್ ಮಾಡಿದ್ದಾರೆ. ಇತರೆ 2. ಅದರ ಕೆಳಗೆ ಒಂದು ಹೊಸ ಸಾಲು, ‘ಸೀತಾ ಅಶೋಕ 1’. ಅಶೋಕ ಅನ್ನುವಲ್ಲಿ ಅವರು ಒಂದು ಅಕ್ಷರ ತಪ್ಪು ಟೈಪ್ ಮಾಡಿದ್ದಾರೆ, ಹಾಗೇ ಬಿಟ್ಟಿದ್ದೇನೆ.

ಇನ್ನೊಂದು. ವಾಚ್‌ಮನ್‌ಗೆ ಮರದ ವಿಷಯ ಹೇಳಲು ಹೋದರೆ ಅವನಿಗೆ ಮೊದಲೇ ಗೊತ್ತು. ದಿನಾ ಬೆಳಿಗ್ಗೆ ಐದಕ್ಕೆ ಪಂಪ್ ಹಾಕಲು ಹೋಗುವವನು ಅವನೊಬ್ಬನೇ. ಹೂ ಬಿಡುವ ಕಾಲದಲ್ಲಿ ಬಿದ್ದ ಹೂವು ಹೆಕ್ಕಿ ಪಂಪ್ ರೂಮಿನ ಹನುಮಂತನ ಫೋಟೋಗೆ ಇಡುತ್ತಾನಂತೆ. ಯಾಕೆ ಯಾರಿಗೂ ಹೇಳಲಿಲ್ಲ ಅಂದೆ. ಯಾರೂ ಕೇಳಲಿಲ್ಲ ಅಂದ.

ನಿನ್ನೆ ಅವನೇ ಕರೆದು ಒಡೆದ ಕಾಯಿ ತೋರಿಸಿದ. ಒಂಬತ್ತು ಬೀಜ ಸಿಕ್ಕಿದೆ. ಹಾಲಿನ ಪ್ಯಾಕೆಟ್‌ನಲ್ಲಿ ಮಣ್ಣು ತುಂಬಿ ಹಾಕಿದ್ದೇನೆ. ಬಾಡಿಗೆ ಮನೆಯ ಬಾಲ್ಕನಿಗೆ ಬಿಸಿಲು ಬರುವುದೇ ಇಲ್ಲ, ಒಳ್ಳೆಯದೇ ಆಯಿತು. ಬೇಕಾದವರು ಹೇಳಿ, ಹುಟ್ಟಿದ ಮೇಲೆ ಕೊಡುತ್ತೇನೆ. ಎರಡು ವಾಚ್‌ಮನ್‌ಗೆ, ಅವನ ಊರಿಗೆ ಒಯ್ಯುತ್ತಾನಂತೆ.

ಹಳೇ ಸೆಕ್ರೆಟರಿ:

ನನಗೊಂದು ಇಡಿ. ಪಾರ್ಕಿಂಗ್‌ನಿಂದ ದೂರ ನೆಡುತ್ತೇನೆ.